ಸತ್ಯ ಹೇಳಿದವನಿಗೆ ಬಾಗಿಲು ಮುಚ್ಚಬಹುದೇ?

ಜೀವವಿಮೆಯ ಪ್ರಸ್ತಾವ ಪತ್ರದಲ್ಲಿ ಹೆಸರು, ವಯಸ್ಸು, ಉದ್ಯೋಗ, ವರಮಾನಗಳ ಸಾಲು ಮುಗಿದ ಬಳಿಕ ಆರೋಗ್ಯದ ಕುರಿತ ಪ್ರಶ್ನೆಗಳು ಆರಂಭವಾಗುತ್ತವೆ. ಸಕ್ಕರೆ ಕಾಯಿಲೆ ಇದೆಯೇ? ರಕ್ತದೊತ್ತಡ ಇದೆಯೇ? ಶಸ್ತ್ರಚಿಕಿತ್ಸೆ ಆಗಿದೆಯೇ? ಇವುಗಳ ನಡುವೆ, ಖಿನ್ನತೆ ಅಥವಾ ಇತರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದದ್ದುಂಟೇ ಎಂಬ ಪ್ರಶ್ನೆಯೂ ಇರುತ್ತದೆ. ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಅಂತಹ ಕಾಯಿಲೆಗೆ ಔಷಧಿ ಸೇವಿಸುತ್ತಿರುವವರ ಕೈ ಅಲ್ಲಿ ತಡೆದು ನಿಲ್ಲುತ್ತದೆ. ಹೌದು ಎಂದರೆ ಅರ್ಜಿಯೇ ತಿರಸ್ಕೃತವಾಗಬಹುದು. ಇಲ್ಲ ಎಂದರೆ ಪಾಲಿಸಿ ಸಿಗಬಹುದು, ಆದರೆ ಅದು ಸುಳ್ಳಿನ ಮೇಲೆ ನಿಂತ ಪಾಲಿಸಿ. ಪಕ್ಕದಲ್ಲಿ ಕುಳಿತ ಏಜೆಂಟರು ಎಷ್ಟೋ ಸಲ, ಅದನ್ನೆಲ್ಲ ಬರೆಯಲು ಹೋಗಬೇಡಿ ಎಂದು ಮೆಲ್ಲಗೆ ಸಲಹೆ ಕೊಡುವುದೂ ಉಂಟು.

ಮೇಲ್ನೋಟಕ್ಕೆ ಇದು ವ್ಯಾಪಾರದ ವಿಷಯ. ಆದರೆ ಸ್ವಲ್ಪ ಯೋಚಿಸಿದರೆ ಇದು ನೈತಿಕ ಪ್ರಶ್ನೆ ಎಂಬುದು ತಿಳಿಯುತ್ತದೆ. ಒಬ್ಬನಿಂದ ಸತ್ಯವನ್ನು ಕೇಳಿ, ಅವನು ಸತ್ಯ ಹೇಳಿದ ಕೂಡಲೇ ಅದಕ್ಕಾಗಿಯೇ ಅವನನ್ನು ಹೊರಗಟ್ಟುವ ವ್ಯವಸ್ಥೆ ನ್ಯಾಯದ ವ್ಯವಸ್ಥೆಯಾಗಲು ಸಾಧ್ಯವೇ? ಹಾಗೆಂದು, ಅಪಾಯದ ಲೆಕ್ಕ ಹಾಕದೆ ವಿಮೆಯ ವ್ಯವಹಾರ ನಡೆಯಲು ಸಾಧ್ಯವೇ? ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಎದುರಿಸಬೇಕಾಗಿದೆ.

ಇಲ್ಲಿ ನಾವು ಮಾತನಾಡುತ್ತಿರುವುದು ಭಾವಸ್ಥಿತಿಯ ಕಾಯಿಲೆಗಳ ಬಗ್ಗೆ. ತಿಂಗಳುಗಟ್ಟಲೆ ಮನಸ್ಸು ಕುಸಿದು, ನಿದ್ದೆ, ಹಸಿವು, ಕೆಲಸದ ಆಸಕ್ತಿ ಎಲ್ಲವೂ ಕಳೆದುಹೋಗುವ ಖಿನ್ನತೆ ಅವುಗಳಲ್ಲಿ ಒಂದು. ಕೆಲವು ಕಾಲ ಹೀಗೆ ಕುಸಿದು, ಇನ್ನು ಕೆಲವು ಕಾಲ ಅಸಹಜವಾದ ಉತ್ಸಾಹಕ್ಕೆ ಏರುವ ಬೈಪೋಲಾರ್ ಕಾಯಿಲೆ ಇನ್ನೊಂದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಕಾಯಿಲೆಗಳಿಗೆ ಅನುಗುಣವಾಗಿ ನೂರರಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ ಎಂಬುದು ಅದೇ ಸಮೀಕ್ಷೆ ತಿಳಿಸಿದ ಇನ್ನೂ ಕಳವಳದ ಸಂಗತಿ. ಈ ಎರಡನೆಯ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಾದಕ್ಕೆ ಅದು ಬೇಕಾಗುತ್ತದೆ.

ವಿಮೆಯ ತಿರುಳು

ಮುಸ್ಲಿಮರಲ್ಲಿ ಜೀವವಿಮೆಯ ಬಗ್ಗೆ ಭಿನ್ನಾಭಿಪ್ರಾಯವಿದೆ. ಬಡ್ಡಿ, ಅನಿಶ್ಚಿತತೆ ಮತ್ತು ಜೂಜಿನ ಅಂಶಗಳಿರುವುದರಿಂದ ವಾಣಿಜ್ಯ ವಿಮೆ ಸಮ್ಮತವಲ್ಲ, ಪರಸ್ಪರ ಸಹಕಾರದ ವಿಮೆ ಸಮ್ಮತ ಎಂದು ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಫಿಕ್ಹ್ ಅಕಾಡೆಮಿಯು 1985ರಲ್ಲಿ ತೀರ್ಮಾನಿಸಿತ್ತು. ಸುಡಾನಿನಲ್ಲಿ 1979ರಲ್ಲಿಯೇ ತಕಾಫುಲ್ ಎಂಬ ಸಹಕಾರಿ ವಿಮೆ ಆರಂಭವಾಗಿತ್ತು. ಮಲೇಶ್ಯ 1984ರಲ್ಲಿ ಅದಕ್ಕೆ ಕಾನೂನನ್ನೇ ಮಾಡಿತು. ನಮ್ಮ ದೇಶದಲ್ಲಿ ತಕಾಫುಲ್ ಜೀವವಿಮೆ ಲಭ್ಯವಿಲ್ಲ. ಇಲ್ಲಿನ ಪರಿಸ್ಥಿತಿಯನ್ನು ಗಮನಿಸಿ ವಿನಾಯಿತಿ ಕೊಟ್ಟ ವಿದ್ವಾಂಸರೂ ಇದ್ದಾರೆ, ಕೊಡದವರೂ ಇದ್ದಾರೆ. ಆ ಚರ್ಚೆಯನ್ನು ಇತ್ಯರ್ಥಗೊಳಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಒಂದು ಮಾತನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಒಬ್ಬನ ಮೇಲೆ ಬಿದ್ದ ಹೊರೆಯನ್ನು ಹಲವರು ಹಂಚಿಕೊಳ್ಳುವುದು ಪುಣ್ಯದ ಕೆಲಸ. ಕೈತಪ್ಪಿ ನಡೆದ ಕೊಲೆಗೆ ತೆರಬೇಕಾದ ರಕ್ತ ಪರಿಹಾರವನ್ನು ಇಡೀ ಬಂಧುವರ್ಗ ಸೇರಿ ಭರಿಸುವ ಆಕಿಲಾ ಪದ್ಧತಿಯನ್ನು ಇಸ್ಲಾಮ್ ಮುಂದುವರಿಸಿದ್ದು ಇದೇ ಕಾರಣಕ್ಕೆ. ತಕಾಫುಲ್‌ನ ಬೇರನ್ನು ವಿದ್ವಾಂಸರು ಅಲ್ಲಿ ಕಾಣುತ್ತಾರೆ.

ತನ್ನ ಬಳಿಕ ಕುಟುಂಬದ ಗತಿಯೇನು ಎಂದು ಚಿಂತಿಸುವುದು ದೇವನ ಮೇಲಿನ ಭರವಸೆಗೆ ವಿರುದ್ಧವಲ್ಲ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ತಮ್ಮ ಸಂಪತ್ತಿನ ಬಹುಪಾಲನ್ನು ದಾನ ಮಾಡಲು ಬಯಸಿದರು. ಪ್ರವಾದಿವರ್ಯರು(ಸ) ಮೂರನೆಯ ಒಂದು ಪಾಲಿಗಷ್ಟೇ ಅನುಮತಿ ನೀಡಿದರು. ವಾರಸುದಾರರು ಜನರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ಅವರನ್ನು ಸ್ವಾವಲಂಬಿಗಳಾಗಿ ಬಿಟ್ಟುಹೋಗುವುದು ಮೇಲು ಎಂದು ತಿಳಿಸಿದರು. ಈ ಘಟನೆ ನಮಗೆಲ್ಲ ಪರಿಚಿತ. ಸಅದ್(ರ) ಆ ಮಾತನ್ನು ಕೇಳಿದ್ದು ಕಾಯಿಲೆಯ ಹಾಸಿಗೆಯಲ್ಲಿ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ತನ್ನವರಿಗಾಗಿ ಏನನ್ನಾದರೂ ಉಳಿಸಿಹೋಗುವ ಹಕ್ಕು ಮತ್ತು ಹೊಣೆ ಆರೋಗ್ಯವಂತರಿಗೆ ಮಾತ್ರ ಸೇರಿದ್ದಲ್ಲ. ಕಾಯಿಲೆ ಇರುವವನಿಗೆ ಆ ಚಿಂತೆ ಇನ್ನಷ್ಟು ಹೆಚ್ಚು.

ಹಾಗಾದರೆ, ಎಲ್ಲರಿಗಿಂತ ಹೆಚ್ಚಾಗಿ ಇಂತಹ ರಕ್ಷಣೆ ಬೇಕಾದವನನ್ನೇ ಹೊರಗಿಡುವುದು ಯಾವ ನ್ಯಾಯ?

ಕಂಪೆನಿಯ ವಾದ

ವಿಮಾ ಕಂಪೆನಿಯ ಮಾತನ್ನೂ ನಾವು ಕೇಳಬೇಕು. ಪ್ರತಿವಾದಿಯ ಮಾತು ಕೇಳದೆ ಕೊಡುವ ತೀರ್ಪು ತೀರ್ಪಲ್ಲ.

ಭಾವಸ್ಥಿತಿಯ ಕಾಯಿಲೆ ಇರುವವರ ಸರಾಸರಿ ಆಯುಷ್ಯ ಇತರರಿಗಿಂತ ಕಡಿಮೆ ಎಂಬುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಆತ್ಮಹತ್ಯೆ ಅದಕ್ಕೆ ಒಂದು ಕಾರಣ ಮಾತ್ರ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ತಂಬಾಕಿನ ಚಟ, ದೇಹದ ಕಾಯಿಲೆಗಳಿಗೆ ಸಕಾಲದಲ್ಲಿ ಚಿಕಿತ್ಸೆ ಸಿಗದಿರುವುದು, ಇವೆಲ್ಲವೂ ಸೇರಿವೆ. ಅಪಾಯ ಹೆಚ್ಚಿರುವವರೂ ಕಡಿಮೆ ಇರುವವರೂ ಒಂದೇ ಕಂತು ಕಟ್ಟುವುದಾದರೆ ಅಪಾಯ ಹೆಚ್ಚಿರುವವರೇ ಹೆಚ್ಚಾಗಿ ಬಂದು ಸೇರುತ್ತಾರೆ, ಕಂತು ಏರುತ್ತದೆ, ಉಳಿದವರು ಬಿಟ್ಟುಹೋಗುತ್ತಾರೆ, ಕೊನೆಗೆ ನಿಧಿಯೇ ಬರಿದಾಗುತ್ತದೆ ಎಂದು ಕಂಪೆನಿ ಹೇಳುತ್ತದೆ. ಈ ವಾದದಲ್ಲಿ ಹುರುಳಿದೆ. ನಿಧಿಯಲ್ಲಿರುವುದು ಕಂಪೆನಿಯ ಮಾಲಕರ ಹಣ ಮಾತ್ರವಲ್ಲ, ಲಕ್ಷಾಂತರ ಸಾಮಾನ್ಯರು ಕಟ್ಟಿದ ಕಂತು. ಅದನ್ನು ಕಾಯುವುದು ಒಂದು ಅಮಾನತ್ತು. ತಕಾಫುಲ್ ಇರುವ ದೇಶಗಳಲ್ಲಿಯೂ ಆರೋಗ್ಯದ ಪ್ರಶ್ನೆಗಳನ್ನು ಕೇಳಿಯೇ ಸೇರಿಸಿಕೊಳ್ಳುತ್ತಾರೆ. ಹಾಗಾಗಿ ಹೆಸರು ಬದಲಾದ ಮಾತ್ರಕ್ಕೆ ಈ ಸಮಸ್ಯೆ ಬಗೆಹರಿಯುವುದಿಲ್ಲ.

ಆದ್ದರಿಂದ ನಾವು ಕಾಯಿಲೆಯ ಬಗ್ಗೆ ಪ್ರಶ್ನೆಯನ್ನೇ ಕೇಳಬಾರದು ಎನ್ನುತ್ತಿಲ್ಲ. ಹೆಚ್ಚಿನ ಅಪಾಯಕ್ಕೆ ಹೆಚ್ಚು ಕಂತು ಕೇಳುವುದೇ ಅನ್ಯಾಯ ಎಂದೂ ಹೇಳುತ್ತಿಲ್ಲ. ನಮ್ಮ ತಕರಾರು ಬೇರೆ. ಉತ್ತರ ಸಿಕ್ಕಿದ ಮೇಲೆ ಕಂಪೆನಿ ಏನು ಮಾಡುತ್ತದೆ, ಆ ವ್ಯಕ್ತಿಯನ್ನು ನೋಡುತ್ತದೆಯೇ ಅಥವಾ ಅವನ ಕಾಯಿಲೆಯ ಹೆಸರನ್ನಷ್ಟೇ ನೋಡುತ್ತದೆಯೇ ಎಂಬುದು ಪ್ರಶ್ನೆ.

ಹೆಸರಿಗೆ ಕೊಡುವ ಶಿಕ್ಷೆ

ಇಬ್ಬರನ್ನು ಊಹಿಸಿಕೊಳ್ಳೋಣ. ಒಬ್ಬ ಪ್ರೌಢಶಾಲೆಯ ಶಿಕ್ಷಕ. ಅವನಿಗೆ ಬೈಪೋಲಾರ್ ಕಾಯಿಲೆ ಇದೆಯೆಂದು ಹತ್ತು ವರ್ಷಗಳ ಹಿಂದೆ ತಿಳಿಯಿತು. ಒಮ್ಮೆ ಆಸ್ಪತ್ರೆಯಲ್ಲಿದ್ದ. ಆ ಬಳಿಕ ಪ್ರತಿದಿನ ಲಿಥಿಯಂ ಮಾತ್ರೆ ಸೇವಿಸುತ್ತಾನೆ, ವೈದ್ಯರು ಹೇಳಿದಾಗಲೆಲ್ಲ ರಕ್ತಪರೀಕ್ಷೆ ಮಾಡಿಸುತ್ತಾನೆ, ಒಂದು ದಿನವೂ ಕಾಯಿಲೆಯ ಕಾರಣಕ್ಕೆ ರಜೆ ಹಾಕಿಲ್ಲ. ಇನ್ನೊಬ್ಬ ವ್ಯಾಪಾರಿ. ವರ್ಷಗಳಿಂದ ನಿದ್ದೆ ಬರುವುದಿಲ್ಲ, ಕೆಲವೊಮ್ಮೆ ವಾರಗಟ್ಟಲೆ ಅಂಗಡಿ ತೆರೆಯುವುದಿಲ್ಲ, ಬದುಕಿ ಏನು ಪ್ರಯೋಜನ ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಾನೆ. ಆದರೆ ವೈದ್ಯರ ಬಳಿ ಹೋಗಿಲ್ಲ. ಹೋದರೆ ಜನ ಏನೆನ್ನುತ್ತಾರೋ ಎಂಬ ಭಯ.

ಇಬ್ಬರೂ ಪ್ರಸ್ತಾವ ಪತ್ರ ತುಂಬುತ್ತಾರೆ. ಚಿಕಿತ್ಸೆ ಪಡೆದಿದ್ದೀರಾ ಎಂಬ ಪ್ರಶ್ನೆಗೆ ಶಿಕ್ಷಕ ಹೌದು ಎಂದು ಬರೆಯಬೇಕು. ವ್ಯಾಪಾರಿ ಇಲ್ಲ ಎಂದು ಬರೆದರೆ ಅದು ಸುಳ್ಳೂ ಅಲ್ಲ. ಪಾಲಿಸಿ ವ್ಯಾಪಾರಿಗೆ ಸಿಗುತ್ತದೆ. ಶಿಕ್ಷಕನ ಅರ್ಜಿ ತಿರಸ್ಕೃತವಾಗುತ್ತದೆ. ಇವರಲ್ಲಿ ಯಾರ ಜೀವಕ್ಕೆ ಅಪಾಯ ಹೆಚ್ಚು? ಲಿಥಿಯಂ ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುತ್ತದೆ ಎಂಬುದು ವೈದ್ಯಲೋಕದಲ್ಲಿ ಬಹುಕಾಲದಿಂದ ತಿಳಿದಿರುವ ಸಂಗತಿ. ಅಪಾಯ ಅತಿ ಹೆಚ್ಚಿರುವುದು ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವಾರಗಳಲ್ಲಿ, ತಿಂಗಳುಗಳಲ್ಲಿ ಎಂಬುದೂ ತಿಳಿದಿದೆ. ಹತ್ತು ವರ್ಷಗಳ ಸ್ಥಿರತೆಗೂ ಹತ್ತು ದಿನಗಳ ಹಿಂದಿನ ಬಿಡುಗಡೆಗೂ ಒಂದೇ ಉತ್ತರ ಕೊಡುವುದನ್ನು ಅಪಾಯದ ಲೆಕ್ಕ ಎನ್ನಲಾಗದು. ಲೆಕ್ಕ ಹಾಕುವ ಶ್ರಮವನ್ನು ತಪ್ಪಿಸಿಕೊಂಡಿರುವುದಕ್ಕೆ ಅದೊಂದು ಗುರುತು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಹೀಗೆ ಆಗುವುದಿಲ್ಲ. ಸಕ್ಕರೆಯ ಪ್ರಮಾಣ ಎಷ್ಟು, ಎಷ್ಟು ವರ್ಷದಿಂದ, ಮೂತ್ರಪಿಂಡಕ್ಕೆ ತೊಂದರೆಯಾಗಿದೆಯೇ ಎಂದೆಲ್ಲ ವಿಚಾರಿಸಿ, ಹತೋಟಿಯಲ್ಲಿದ್ದರೆ ಸ್ವಲ್ಪ ಹೆಚ್ಚುವರಿ ಕಂತು ಹಾಕಿ ಪಾಲಿಸಿ ಕೊಡುತ್ತಾರೆ. ಹತೋಟಿಯಲ್ಲಿಡುವ ಶಿಸ್ತಿಗೆ ಅಲ್ಲಿ ಬೆಲೆಯಿದೆ. ಮನಸ್ಸಿನ ಕಾಯಿಲೆಯಲ್ಲಿ ಅದೇ ಶಿಸ್ತು ಸಾಕ್ಷ್ಯವಾಗಿ ತಿರುಗಿ ರೋಗಿಯ ವಿರುದ್ಧವೇ ನಿಲ್ಲುತ್ತದೆ. ಮಾತ್ರೆಯ ಚೀಟಿ ಇದೆಯಲ್ಲ, ಹಾಗಾದರೆ ಕಾಯಿಲೆ ಇದೆ ಎಂದಾಯಿತು!

ಎಲ್ಲ ಕಂಪೆನಿಗಳೂ ಸದಾ ಹೀಗೆಯೇ ಮಾಡುತ್ತವೆ ಎಂದಲ್ಲ. ಸಾಮಾನ್ಯವಾಗಿ ನಾಲ್ಕು ಬಗೆಯ ಉತ್ತರಗಳಿರುತ್ತವೆ. ಸಾಧಾರಣ ಕಂತಿಗೇ ಒಪ್ಪಿಗೆ, ಹೆಚ್ಚುವರಿ ಕಂತಿನೊಂದಿಗೆ ಒಪ್ಪಿಗೆ, ಕೆಲವು ತಿಂಗಳು ಅಥವಾ ವರ್ಷದ ಮಟ್ಟಿಗೆ ಮುಂದೂಡಿಕೆ, ಕೊನೆಯದಾಗಿ ನಿರಾಕರಣೆ. ಒಮ್ಮೆ ಬಂದು ವಾಸಿಯಾದ ಲಘು ಖಿನ್ನತೆಗೆ ಮೊದಲ ಎರಡು ಬಗೆಯ ಉತ್ತರ ಸಿಗುವುದುಂಟು. ಆದರೆ ಬೈಪೋಲಾರ್ ಎಂಬ ಪದ, ಆಸ್ಪತ್ರೆಯಲ್ಲಿ ದಾಖಲಾದ ಇತಿಹಾಸ ಅಥವಾ ಆತ್ಮಹತ್ಯೆಯ ಯತ್ನ ಕಾಗದದಲ್ಲಿ ಕಂಡರೆ ಕೊನೆಯ ಉತ್ತರದ ಸಾಧ್ಯತೆ ಬಹಳ ಹೆಚ್ಚುತ್ತದೆ.

ಆತ್ಮಹತ್ಯೆಯ ಭಯವೇ ಕಾರಣವೆಂದರೆ, ಅದಕ್ಕೆ ಪಾಲಿಸಿಯಲ್ಲಿಯೇ ಒಂದು ತಡೆ ಇದೆ. ನಮ್ಮ ದೇಶದ ನಿಯಮದಂತೆ ಪಾಲಿಸಿ ಆರಂಭವಾದ 12 ತಿಂಗಳೊಳಗೆ ಆತ್ಮಹತ್ಯೆ ಸಂಭವಿಸಿದರೆ ವಿಮೆಯ ಪೂರ್ತಿ ಮೊತ್ತ ಸಿಗುವುದಿಲ್ಲ, ಕಟ್ಟಿದ ಕಂತಿನ ಶೇ. 80ಕ್ಕೆ ಕಡಿಮೆಯಾಗದ ಹಣವಷ್ಟೇ ಸಿಗುತ್ತದೆ. ಈ ಕಲಮು ಎಲ್ಲರಿಗೂ ಅನ್ವಯಿಸುತ್ತದೆ. ಸಾಯುವ ನಿರ್ಧಾರ ಮಾಡಿಕೊಂಡೇ ಪಾಲಿಸಿ ಕೊಳ್ಳುವುದನ್ನು ತಡೆಯಲೆಂದೇ ಅದು ಇರುವುದು. ಅದರ ಮೇಲೆ ಇನ್ನೂ ಎಚ್ಚರಿಕೆ ಬೇಕೆಂದಿದ್ದರೆ ಮೊದಲು ಸಣ್ಣ ಮೊತ್ತಕ್ಕೆ ಪಾಲಿಸಿ ಕೊಟ್ಟು, ಕೆಲವು ವರ್ಷಗಳ ಬಳಿಕ ಪುನರ್‌ಪರಿಶೀಲಿಸಿ ಹೆಚ್ಚಿಸಬಹುದು. ಪೂರ್ತಿ ಬಾಗಿಲು ಮುಚ್ಚುವುದಕ್ಕೂ ಪೂರ್ತಿ ತೆರೆಯುವುದಕ್ಕೂ ನಡುವೆ ಇಂತಹ ಅನೇಕ ದಾರಿಗಳಿವೆ.

ಇನ್ನು ಆ ಸಮೀಕ್ಷೆಯ ಅಂಕಿಗೆ ಬರೋಣ. ಚಿಕಿತ್ಸೆ ಬೇಕಾದವರಲ್ಲಿ ಹೆಚ್ಚಿನವರು ಚಿಕಿತ್ಸೆ ಪಡೆಯುತ್ತಿಲ್ಲ. ಅಂದರೆ ವಿಮೆಯ ನಿಧಿಯೊಳಗೆ ಈಗಾಗಲೇ ಚಿಕಿತ್ಸೆ ಇಲ್ಲದ ರೋಗಿಗಳು ದೊಡ್ಡ ಸಂಖ್ಯೆಯಲ್ಲಿ ಇರಲೇಬೇಕು. ಅವರನ್ನು ಯಾವ ಪ್ರಶ್ನೆಯೂ ತಡೆಯುವುದಿಲ್ಲ. ತಡೆಯಲ್ಪಡುವವರು ವೈದ್ಯರ ಬಳಿ ಹೋದವರು. ಇದನ್ನು ಕಂಡವನು ಯಾವ ಪಾಠ ಕಲಿಯುತ್ತಾನೆ? ವೈದ್ಯರ ಬಳಿ ಹೋಗಬೇಡ, ಹೋದರೂ ದಾಖಲೆ ಇರಬಾರದು, ಚೀಟಿಯಲ್ಲಿ ನಿದ್ದೆಯ ತೊಂದರೆ ಎಂದಷ್ಟೇ ಬರೆಸಿಕೋ ಎಂಬ ಪಾಠ. ಈ ಪಾಠ ಕಲಿತವರು ಹೆಚ್ಚಿದಷ್ಟೂ ಸಾವುಗಳೂ ಹೆಚ್ಚುತ್ತವೆ, ಕಂಪೆನಿಯ ಲೆಕ್ಕವೂ ಇನ್ನಷ್ಟು ತಪ್ಪುತ್ತದೆ.

ಕಾನೂನು ಎಲ್ಲಿಗೆ ಬಂದು ನಿಂತಿದೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದರ 21ನೆಯ ಕಲಮಿನ 4ನೆಯ ಉಪಕಲಮು, ದೈಹಿಕ ಕಾಯಿಲೆಗೆ ಇರುವ ರೀತಿಯಲ್ಲಿಯೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವೈದ್ಯಕೀಯ ವಿಮೆ ಒದಗಿಸಬೇಕೆಂದು ಪ್ರತಿ ವಿಮಾ ಕಂಪೆನಿಗೂ ಆದೇಶಿಸುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರಲ್ಲಿ ಮತ್ತು ಮತ್ತೆ 2022ರಲ್ಲಿ ಇದನ್ನು ಕಂಪೆನಿಗಳಿಗೆ ನೆನಪಿಸಿತು. ದಿಲ್ಲಿ ಹೈಕೋರ್ಟ್ 2021ರಲ್ಲಿ ಇದನ್ನು ಎತ್ತಿಹಿಡಿಯಿತು. ಇದು ದೊಡ್ಡ ಹೆಜ್ಜೆ. ಆದರೆ ಅದು ಆಸ್ಪತ್ರೆಯ ಖರ್ಚಿನ ವಿಮೆಗೆ ಸಂಬಂಧಿಸಿದ್ದು. ಜೀವವಿಮೆಯ ಬಗ್ಗೆ ಆ ಕಲಮು ಏನನ್ನೂ ಹೇಳುವುದಿಲ್ಲ. ಹೀಗಾಗಿ, ಕಾಯಿಲೆಯ ಚಿಕಿತ್ಸೆಗೆ ವಿಮೆ ಕೊಡಲು ಬದ್ಧವಾದ ದೇಶದಲ್ಲಿ, ಆ ಚಿಕಿತ್ಸೆ ಪಡೆದ ಕಾರಣಕ್ಕೆ ಜೀವವಿಮೆ ತಪ್ಪಿಹೋಗುವ ವಿಚಿತ್ರ ಸ್ಥಿತಿ ಉಂಟಾಗಿದೆ.

ಜೀವವಿಮೆಯ ಮಾತು ಬರುವುದು ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ. ದೀರ್ಘಕಾಲದ ಮಾನಸಿಕ ತೊಂದರೆಗಳನ್ನೂ ಅದು ಒಳಗೊಳ್ಳುತ್ತದೆ. ಆರೋಗ್ಯ ವಿಮೆಯಲ್ಲಿಯೂ, ದೇಶದ ಕಾನೂನು ಅನುಮತಿಸುವಲ್ಲಿ ಜೀವವಿಮೆಯಲ್ಲಿಯೂ ತಾರತಮ್ಯ ಮಾಡಬಾರದು, ಅದನ್ನು ನ್ಯಾಯಯುತವಾಗಿ ಒದಗಿಸಬೇಕು ಎಂದು ಅದರ 25ನೆಯ ವಿಧಿ ಹೇಳುತ್ತದೆ. ಭಾರತ 2007ರ ಅಕ್ಟೋಬರ್ 1ರಂದು ಅದನ್ನು ಅನುಮೋದಿಸಿದೆ. ಕೊಟ್ಟ ಮಾತನ್ನು ಕಾನೂನಿನ ಅಕ್ಷರಕ್ಕೆ ಇಳಿಸುವ ಕೆಲಸವಷ್ಟೇ ಬಾಕಿ.

ಅದನ್ನು ಹೇಗೆ ಮಾಡಬಹುದು ಎಂಬುದಕ್ಕೆ ಮಾದರಿ ನಮ್ಮಲ್ಲೇ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು, ವಿಮಾಗಣಿತದ ಅಧ್ಯಯನದ ಆಧಾರವಿಲ್ಲದೆ ಎಚ್‌ಐವಿ ಇರುವವರಿಗೆ ವಿಮೆ ನಿರಾಕರಿಸುವುದನ್ನು ಅಥವಾ ಅನ್ಯಾಯದ ಷರತ್ತು ಹಾಕುವುದನ್ನು ತಾರತಮ್ಯವೆಂದು ಪರಿಗಣಿಸುತ್ತದೆ. ಲೆಕ್ಕ ಹಾಕಬೇಡಿ ಎಂದು ಅದು ಹೇಳುವುದಿಲ್ಲ, ಲೆಕ್ಕ ತೋರಿಸಿ ಎನ್ನುತ್ತದೆ. ಬ್ರಿಟನ್ನಿನ 2010ರ ಸಮಾನತೆಯ ಕಾಯ್ದೆಯೂ ಅದೇ ದಾರಿ ಹಿಡಿದಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2015ರಲ್ಲಿ ಒಂದು ಪ್ರಕರಣ ತೀರ್ಮಾನವಾಯಿತು. ಖಿನ್ನತೆಯಿಂದಾಗಿ ಶಾಲೆಯ ಪ್ರವಾಸವನ್ನು ಕೈಬಿಟ್ಟ ವಿದ್ಯಾರ್ಥಿನಿಗೆ ಪ್ರವಾಸ ವಿಮೆಯ ಹಣ ನಿರಾಕರಿಸಲಾಗಿತ್ತು. ಮಾನಸಿಕ ಕಾಯಿಲೆಯನ್ನು ಹೊರಗಿಡಲು ಯಾವ ಅಂಕಿಅಂಶ ಆಧಾರವಾಗಿತ್ತು ಎಂದು ನ್ಯಾಯಮಂಡಳಿ ಕೇಳಿದಾಗ ಅದನ್ನು ಸಮರ್ಪಕವಾಗಿ ತೋರಿಸಲು ಕಂಪೆನಿಗೆ ಆಗಲಿಲ್ಲ. ಆ ಕಲಮು ತಾರತಮ್ಯವೆಂದು ತೀರ್ಪಾಯಿತು. ಅಲ್ಲಿ ಚರ್ಚೆಯಾದದ್ದು ಪ್ರವಾಸ ವಿಮೆಯೇ ಆದರೂ ಅದರ ತತ್ವ ಇಲ್ಲಿಗೂ ಸಲ್ಲುತ್ತದೆ.

ವಿಮೆ ಬರೀ ಖಾಸಗಿ ಒಪ್ಪಂದ, ಯಾರಿಗೆ ಬೇಕಾದರೂ ಇಲ್ಲ ಎನ್ನಬಹುದು ಎಂಬ ಮಾತನ್ನು ನಮ್ಮ ಸುಪ್ರೀಮ್ ಕೋರ್ಟ್ 1995ರಲ್ಲಿಯೇ ಒಪ್ಪಲಿಲ್ಲ. ಜೀವವಿಮಾ ನಿಗಮದ ಒಂದು ಅಗ್ಗದ ಟರ್ಮ್ ಪಾಲಿಸಿ ಸರಕಾರಿ, ಅರೆಸರಕಾರಿ ಮತ್ತು ಹೆಸರುವಾಸಿ ಸಂಸ್ಥೆಗಳ ಸಂಬಳದಾರರಿಗೆ ಮಾತ್ರ ಮೀಸಲಾಗಿತ್ತು. ರೈತರು, ಕೂಲಿಕಾರರು, ಸ್ವಂತ ದುಡಿಮೆಯವರು ಅದರಿಂದ ಹೊರಗಿದ್ದರು. ಈ ಷರತ್ತು ಸಂವಿಧಾನದ ಸಮಾನತೆಯ ತತ್ವಕ್ಕೆ ವಿರುದ್ಧ ಎಂದು ಕೋರ್ಟ್ ತೀರ್ಪು ನೀಡಿತು. ಅಂದು ಹೊರಗಿದ್ದವರು ರೈತರು, ಕೂಲಿಕಾರರು. ಇಂದು ಹೊರಗಿರುವವರು ರೋಗಿಗಳು. ಪ್ರಶ್ನೆ ಬದಲಾಗಿಲ್ಲ.

ಹಾಗಾದರೆ ಮುಚ್ಚಿಡಬಹುದೇ?

ವ್ಯವಸ್ಥೆಯೇ ಅನ್ಯಾಯದ್ದಾದರೆ ಅದರ ಮುಂದೆ ಸುಳ್ಳು ಹೇಳುವುದು ತಪ್ಪೇ? ಈ ಪ್ರಶ್ನೆಯನ್ನು ಅನೇಕರು ಮನಸ್ಸಿನಲ್ಲೇ ಕೇಳಿಕೊಂಡು, ಮನಸ್ಸಿನಲ್ಲೇ ಉತ್ತರಿಸಿಕೊಂಡು, ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿದ್ದಾರೆ. ಅವರನ್ನು ಕಳ್ಳರೆಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ. ಮಕ್ಕಳಿಗಾಗಿ ಏನನ್ನಾದರೂ ಉಳಿಸಲು ಹೊರಟವನು ಅವನು. ಆದರೂ ಅದು ಸರಿಯಾದ ದಾರಿಯೆಂದು ನಾವು ಹೇಳಲಾರೆವು.

ಮೊದಲನೆಯದಾಗಿ, ವ್ಯವಹಾರದಲ್ಲಿ ಸತ್ಯ ಹೇಳಿ ದೋಷವನ್ನು ತೆರೆದಿಟ್ಟರೆ ಅದರಲ್ಲಿ ಸಮೃದ್ಧಿ ಇದೆ, ಮುಚ್ಚಿಟ್ಟರೆ ಆ ಸಮೃದ್ಧಿ ಅಳಿಯುತ್ತದೆ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಎರಡನೆಯದಾಗಿ, ಸುಳ್ಳಿನ ಫಲವನ್ನು ಉಣ್ಣಬೇಕಾದವನು ಸುಳ್ಳು ಹೇಳಿದವನಲ್ಲ. 1938ರ ವಿಮಾ ಕಾಯ್ದೆಯ 45ನೆಯ ಕಲಮು 2015ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಪಾಲಿಸಿಗೆ ಮೂರು ವರ್ಷ ತುಂಬಿದ ಬಳಿಕ ಕಂಪೆನಿ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ಮೂರು ವರ್ಷದೊಳಗೆ ವಂಚನೆ ಅಥವಾ ಮುಖ್ಯ ಸಂಗತಿಯನ್ನು ಮುಚ್ಚಿಟ್ಟ ಆಧಾರದಲ್ಲಿ ಪಾಲಿಸಿಯನ್ನೇ ರದ್ದು ಮಾಡಬಹುದು. ಆಗ ಆಸ್ಪತ್ರೆಯ ಹಳೆಯ ಚೀಟಿಗಳನ್ನು ಹುಡುಕಿ ತೆಗೆಯಲಾಗುತ್ತದೆ. ಉತ್ತರ ಕೊಡಲು ಗಂಡ ಇರುವುದಿಲ್ಲ. ಇದ್ದತ್ತಿನಲ್ಲಿರುವ ವಿಧವೆ ಕೊಡಬೇಕು. ವಂಚನೆಯ ಆರೋಪ ಬಂದರೆ ಅದು ವಂಚನೆಯಲ್ಲವೆಂದು ತೋರಿಸುವ ಹೊಣೆಯೂ ಅವಳ ಮೇಲೆಯೇ ಬೀಳುತ್ತದೆ. ಏಜೆಂಟರೇ ಬರೆದದ್ದು, ಅವರು ಓದದೆ ಸಹಿ ಹಾಕಿದ್ದರು ಎಂಬ ಸಮಜಾಯಿಷಿ ಸಾಮಾನ್ಯವಾಗಿ ನಿಲ್ಲುವುದಿಲ್ಲ ಎಂಬುದನ್ನು ಸುಪ್ರೀಮ್ ಕೋರ್ಟ್ 2019ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಮೂರು ವರ್ಷ ದಾಟಿದರೆ ಸಾಕು ಎಂದು ಲೆಕ್ಕ ಹಾಕುವವರು ತಮ್ಮ ಮನೆಯವರನ್ನೇ ಪಣಕ್ಕಿಡುತ್ತಿದ್ದಾರೆ ಎಂಬುದನ್ನು ಮರೆಯಬಾರದು.

ಆದರೆ ಸತ್ಯದ ಹೊಣೆ ಒಂದು ಕಡೆಯದಷ್ಟೇ ಅಲ್ಲ. ಕುರ್‌ಆನ್‌ನ ಅಲ್ ಮುತಫ್ಫಿಫೀನ್ ಅಧ್ಯಾಯ, ತಾವು ಪಡೆಯುವಾಗ ಪೂರ್ತಿಯಾಗಿ ಅಳೆದು ಪಡೆದು, ಇತರರಿಗೆ ಕೊಡುವಾಗ ಕಡಿಮೆ ಅಳೆಯುವವರನ್ನು ಖಂಡಿಸುತ್ತಾ ಆರಂಭವಾಗುತ್ತದೆ. ತಕ್ಕಡಿ ಹಿಡಿದ ವ್ಯಾಪಾರಿಗೆ ಮಾತ್ರ ಆ ಎಚ್ಚರಿಕೆ ಎಂದು ನಾವು ಭಾವಿಸಬೇಕಾಗಿಲ್ಲ. ಅರ್ಜಿದಾರನಿಂದ ಅವನ ಬದುಕಿನ ಅತ್ಯಂತ ಖಾಸಗಿ ಸತ್ಯವನ್ನು ಪೂರ್ತಿಯಾಗಿ ಅಳೆದು ಪಡೆಯುವ ಕಂಪೆನಿ, ತನ್ನ ನಿರ್ಧಾರಕ್ಕೆ ಕಾರಣವೇನು ಎಂಬ ಸತ್ಯವನ್ನು ಕೊಡುವಾಗ ಒಂದು ಸಾಲಿನಲ್ಲಿ ಮುಗಿಸುತ್ತದೆ. ಪರಮ ವಿಶ್ವಾಸದ ಒಪ್ಪಂದ ಎಂದು ವಿಮೆಯನ್ನು ಕಾನೂನಿನವರು ಬಣ್ಣಿಸುತ್ತಾರೆ. ವಿಶ್ವಾಸ ಪರಮವಾಗಬೇಕಾದರೆ ಅದು ಎರಡೂ ಕಡೆಯಿಂದ ಇರಬೇಕು. ಯಾವ ಆಧಾರದಲ್ಲಿ ನಿರಾಕರಿಸಿದಿರಿ, ಹೆಚ್ಚುವರಿ ಕಂತನ್ನು ಹೇಗೆ ನಿಗದಿ ಮಾಡಿದಿರಿ, ಎಷ್ಟು ವರ್ಷ ಆರೋಗ್ಯ ಸ್ಥಿರವಾಗಿದ್ದರೆ ಮರುಪರಿಶೀಲಿಸುತ್ತೀರಿ ಎಂದು ಕೇಳುವ ಹಕ್ಕು ಅರ್ಜಿದಾರನಿಗೆ ಇರಬೇಕು.

ನಾವು ಹೇಳಬೇಕೆಂದಿರುವುದು ಇಷ್ಟೇ. ಸತ್ಯಕ್ಕೆ ಒಂದು ಬೆಲೆ ಇರಲಿ, ಆದರೆ ಅದು ತೆರಲು ಸಾಧ್ಯವಾಗುವ ಬೆಲೆಯಾಗಿರಲಿ. ಹೆಚ್ಚುವರಿ ಕಂತು ಅಂತಹ ಬೆಲೆ. ಮುಂದೂಡಿಕೆಯೂ ಒಂದು ಬೆಲೆ. ಆದರೆ ಕಾಯಿಲೆಯ ಹೆಸರು ಕೇಳಿದೊಡನೆ ಕೊಡುವ ಶಾಶ್ವತ ನಿರಾಕರಣೆ ಬೆಲೆಯಲ್ಲ, ಶಿಕ್ಷೆ. ಸತ್ಯಕ್ಕೆ ಶಿಕ್ಷೆ ವಿಧಿಸುವ ವ್ಯವಸ್ಥೆ ಸುಳ್ಳನ್ನು ಬೆಳೆಸುತ್ತದೆ. ಹಾಗೆ ಬೆಳೆದ ಸುಳ್ಳಿನ ಪಾಪದಲ್ಲಿ ಆ ವ್ಯವಸ್ಥೆಗೂ ಪಾಲಿದೆ.

ಕಾಯಿಲೆ ಇರುವವರು ಏನು ಮಾಡಬಹುದು?

ಕಾನೂನು ಬದಲಾಗುವ ತನಕ ಸುಮ್ಮನೆ ಕೂರಬೇಕಾಗಿಲ್ಲ. ಅರ್ಜಿ ಹಾಕುವ ಮುನ್ನ ಚಿಕಿತ್ಸೆ ನೀಡುವ ಮನೋವೈದ್ಯರಿಂದ ವಿವರವಾದ ಪತ್ರ ಪಡೆಯುವುದು ಒಳ್ಳೆಯದು. ಕಾಯಿಲೆ ಯಾವಾಗ ಗೊತ್ತಾಯಿತು, ಕೊನೆಯ ಸಲ ಉಲ್ಬಣಿಸಿದ್ದು ಯಾವಾಗ, ಔಷಧಿ ನಿಯಮಿತವಾಗಿ ನಡೆಯುತ್ತಿದೆಯೇ, ಉದ್ಯೋಗ ಸರಾಗವಾಗಿ ಸಾಗಿದೆಯೇ ಎಂಬುದೆಲ್ಲ ಅದರಲ್ಲಿರಲಿ. ಕಾಯಿಲೆಯ ಹೆಸರಿನ ಬದಲು ವ್ಯಕ್ತಿಯನ್ನು ನೋಡುವಂತೆ ಮಾಡಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆಸ್ಪತ್ರೆಯಿಂದ ಬಂದ ಕೂಡಲೇ ಅರ್ಜಿ ಹಾಕುವುದಕ್ಕಿಂತ ಸ್ವಲ್ಪ ಕಾಲ ಸ್ಥಿರವಾಗಿದ್ದು ಹಾಕುವುದು ಉತ್ತಮ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಬೇಕು. ಒಂದು ಕಂಪೆನಿ ಇಲ್ಲ ಎಂದರೆ ಎಲ್ಲವೂ ಇಲ್ಲ ಎಂದಂತಲ್ಲ, ಏಕೆಂದರೆ ಪ್ರತಿಯೊಂದರ ಮಾನದಂಡ ಬೇರೆ. ಆದರೆ ಹಿಂದಿನ ನಿರಾಕರಣೆಯ ಬಗ್ಗೆ ಹೊಸ ಅರ್ಜಿಯಲ್ಲಿ ಕೇಳಿದರೆ ಅದನ್ನೂ ಮುಚ್ಚಿಡಬಾರದು.

ವೈದ್ಯಕೀಯ ಪ್ರಶ್ನೆಗಳೇ ಇಲ್ಲದ ದಾರಿಗಳೂ ಕೆಲವಿವೆ. ಭವಿಷ್ಯನಿಧಿಗೆ ಸೇರಿದ ನೌಕರರಿಗೆ 1976ರ ಠೇವಣಿ ಸಂಬಂಧಿತ ವಿಮಾ ಯೋಜನೆ ತಾನಾಗಿಯೇ ಅನ್ವಯಿಸುತ್ತದೆ. 2021ರಲ್ಲಿ ಅದರ ಗರಿಷ್ಠ ಮೊತ್ತವನ್ನು 7 ಲಕ್ಷ ರೂಪಾಯಿಗೆ ಏರಿಸಲಾಯಿತು. ಅನೇಕ ಸಂಸ್ಥೆಗಳು ತಮ್ಮ ನೌಕರರಿಗಾಗಿ ಕೊಳ್ಳುವ ಗುಂಪು ವಿಮೆಯಲ್ಲಿ ಒಂದು ಮಿತಿಯವರೆಗೆ ಆರೋಗ್ಯ ತಪಾಸಣೆ ಇರುವುದಿಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ್ ಜ್ಯೋತಿ ಯೋಜನೆಗೆ 18ರಿಂದ 50ರ ವಯಸ್ಸಿನ ಬ್ಯಾಂಕ್ ಖಾತೆದಾರರು ಸೇರಬಹುದು. 2022ರಿಂದ ವಾರ್ಷಿಕ ಕಂತು 436 ರೂಪಾಯಿ, ವಿಮೆಯ ಮೊತ್ತ 2 ಲಕ್ಷ. ವೈದ್ಯಕೀಯ ಪರೀಕ್ಷೆ ಇಲ್ಲ. ಎರಡು ಲಕ್ಷದಿಂದ ಕುಟುಂಬವೊಂದು ಎಷ್ಟು ಕಾಲ ಬದುಕೀತು ಎಂಬ ಪ್ರಶ್ನೆ ಇದ್ದೇ ಇದೆ. ಆದರೂ ಈ ಯೋಜನೆ ಒಂದು ಸಂಗತಿಯನ್ನು ತೋರಿಸಿಕೊಟ್ಟಿದೆ. ಎಲ್ಲರನ್ನೂ ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡರೆ, ಯಾರ ಮನಸ್ಸನ್ನೂ ಇಣುಕಿ ನೋಡದೆ ವಿಮೆ ಕೊಡಲು ಸಾಧ್ಯವಿದೆ. ಇನ್ನು, ಪಾಲಿಸಿ ಇದ್ದೂ ಕ್ಲೇಮ್ ನಿರಾಕರಣೆಯಾದವರು ಮೊದಲು ಕಂಪೆನಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕದವರಿಗೆ ಅದರ ಕಚೇರಿ ಬೆಂಗಳೂರಿನಲ್ಲಿದೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.

ನಮ್ಮ ಅಂಗಳದಲ್ಲಿ

ಕಂಪೆನಿಗಳತ್ತ ಬೆರಳು ತೋರಿಸುವ ನಾವು ನಮ್ಮ ಮನೆ, ನಮ್ಮ ಮಹಲ್ಲಾಗಳಲ್ಲಿ ಏನು ಮಾಡುತ್ತಿದ್ದೇವೆ ಎಂಬುದನ್ನೂ ನೋಡಬೇಕು. ಮದುವೆಯ ಸಂಬಂಧ ಕೇಳಿಬಂದಾಗ ಹುಡುಗ ಅಥವಾ ಹುಡುಗಿ ಖಿನ್ನತೆಗೆ ಮಾತ್ರೆ ಸೇವಿಸುತ್ತಿದ್ದ ಸಂಗತಿ ತಿಳಿದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಎಷ್ಟು ಹಿಂದೆ, ಈಗ ಹೇಗಿದ್ದಾರೆ ಎಂದು ಯಾರೂ ವಿಚಾರಿಸುವುದಿಲ್ಲ. ಹಾಗಾಗಿ ಮನೆಯವರು ಮುಚ್ಚಿಡುತ್ತಾರೆ. ಮದುವೆಯಾದ ಬಳಿಕ ಗುಟ್ಟು ಬಯಲಾಗಬಾರದೆಂದು ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಕಾಯಿಲೆ ಮರುಕಳಿಸುತ್ತದೆ. ಆಗ ವಂಚನೆಯ ಕೂಗು ಏಳುತ್ತದೆ, ತಲಾಕಿನವರೆಗೂ ವಿಷಯ ಹೋಗುತ್ತದೆ. ವಿಮೆಯ ಪ್ರಸ್ತಾವ ಪತ್ರದಲ್ಲಿ ನಡೆಯುವುದೇ ನಮ್ಮ ನಡುಮನೆಗಳಲ್ಲಿಯೂ ನಡೆಯುತ್ತಿದೆ. ಇಲ್ಲಿ ತಿರಸ್ಕಾರದ ಮೊಹರು ಒತ್ತುವವರು ನಾವೇ.

ಆತ್ಮಹತ್ಯೆಯ ವಿಷಯದಲ್ಲಿಯೂ ಹಾಗೆಯೇ. ಇಸ್ಲಾಮ್ ಅದನ್ನು ಕಠಿಣವಾಗಿ ನಿಷೇಧಿಸಿದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ನಿದ್ರಿಸುತ್ತಿರುವವನು, ಮಗು ಮತ್ತು ಬುದ್ಧಿ ಸ್ವಾಧೀನದಲ್ಲಿಲ್ಲದವನ ಲೆಕ್ಕ ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂದು ಕಲಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳು ನಾವು. ಕಾಯಿಲೆಯಿಂದ ಕುಗ್ಗಿದವನ ಹೊಣೆಯನ್ನು ಅಳೆಯುವ ಕೆಲಸ ದೇವನಿಗೆ ಸೇರಿದ್ದು. ಅವನ ಮನೆಯವರ ಜೊತೆ ನಿಲ್ಲುವ ಕೆಲಸ ನಮ್ಮದು. ದೇಶದ ಕಾನೂನು ಕೂಡ, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದು ಮೊದಲು ಭಾವಿಸಬೇಕು ಎಂದು 2017ರ ಕಾಯ್ದೆಯ 115ನೆಯ ಕಲಮಿನಲ್ಲಿ ಹೇಳಿದೆ. ಕಾನೂನು ತೋರಿದ ಕರುಣೆಯನ್ನು ನೆರೆಹೊರೆ ತೋರದಿದ್ದರೆ ಹೇಗೆ?

ಮಾನಸಿಕ ರೋಗಿಗಳನ್ನು ಸಮಾಜದ ಖರ್ಚಿನಲ್ಲಿ ಆರೈಕೆ ಮಾಡಿದ ಪರಂಪರೆ ನಮಗಿದೆ. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಬೀಮಾರಿಸ್ತಾನದಲ್ಲಿ ಅವರಿಗಾಗಿಯೇ ಪ್ರತ್ಯೇಕ ವಿಭಾಗವಿತ್ತು. ಅದರ ಖರ್ಚು ವಕ್ಫ್ ಆಸ್ತಿಯಿಂದ ನಡೆಯುತ್ತಿತ್ತು. ಇಂದು ನಮ್ಮ ಜಮಾಅತ್‌ಗಳು, ಸಂಘಟನೆಗಳು ಅಷ್ಟು ದೊಡ್ಡ ಕೆಲಸ ಮಾಡಲಾರದಿದ್ದರೂ ಸಣ್ಣದನ್ನು ಮಾಡಬಹುದು. ಕಾಯಿಲೆಯ ಕಾರಣಕ್ಕೆ ವಿಮೆ ಸಿಗದ ಕುಟುಂಬಗಳಿಗಾಗಿ ಒಂದು ಪರಸ್ಪರ ಸಹಾಯ ನಿಧಿಯನ್ನು ಊರಿನ ಮಟ್ಟದಲ್ಲಿ ಆರಂಭಿಸಬಹುದು. ಜುಮಾದ ಪ್ರವಚನದಲ್ಲಿ, ಮನಸ್ಸಿಗೆ ಬಂದ ಕಾಯಿಲೆಯೂ ಕಾಯಿಲೆಯೇ, ಅದಕ್ಕೂ ಔಷಧಿ ಇದೆ ಎಂದು ಹೇಳಬಹುದು. 14416 ಎಂಬ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆಯಬಹುದು. 2022ರಿಂದ ಅದು ಉಚಿತವಾಗಿ ಕೆಲಸ ಮಾಡುತ್ತಿದೆ, ಕನ್ನಡದಲ್ಲಿಯೂ ಮಾತನಾಡಬಹುದು.

ವಿಮಾ ಪ್ರಾಧಿಕಾರ ಮತ್ತು ಸರಕಾರದ ಮುಂದೆ ಇಡಬೇಕಾದ ಬೇಡಿಕೆ ಸರಳವಾದದ್ದು. ಎಚ್‌ಐವಿ ಇರುವವರಿಗೆ ಕಾನೂನು ಕೊಟ್ಟ ರಕ್ಷಣೆಯನ್ನು ಮಾನಸಿಕ ಕಾಯಿಲೆ ಇರುವವರಿಗೂ ಜೀವವಿಮೆಯಲ್ಲಿ ಕೊಡಲಿ. ನಿರಾಕರಿಸುವ ಕಂಪೆನಿ ಅಂಕಿಅಂಶದ ಆಧಾರ ತೋರಿಸಲಿ, ಅದನ್ನು ಆ ವ್ಯಕ್ತಿಯ ಸ್ಥಿತಿಗೆ ಹೊಂದಿಸಿ ಹೇಳಲಿ, ಮರುಪರಿಶೀಲನೆಗೆ ಅವಕಾಶ ಇಡಲಿ. ಇದರಿಂದ ಯಾವ ಕಂಪೆನಿಯೂ ಮುಳುಗುವುದಿಲ್ಲ. ಆದರೆ ಮಾತ್ರೆಯನ್ನು ತಪ್ಪದೆ ಸೇವಿಸುತ್ತಾ ಸಂಸಾರ ಸಾಗಿಸುತ್ತಿರುವ ಎಷ್ಟೋ ಮಂದಿ ತಮ್ಮ ಮಕ್ಕಳಿಗಾಗಿ ಹೌದು ಎಂಬ ಚೌಕಕ್ಕೆ ಗುರುತು ಹಾಕಿಯೂ ಪಾಲಿಸಿ ಪಡೆಯಬಹುದು.